ಹೋಲ್‌ಸೇಲಾ, ರೀಟೇಲಾ?

ಬಟ್ಟೆ ತೆಗೆಯಲು ಚಿತ್ರದುರ್ಗ ಜಿಲ್ಲೆಯ ನಮ್ಮ ತಾಳ್ಯದವರಿಗೆ ದಾವಣಗೆರೆಯೇ ಹತ್ತಿರ. ಆದರೂ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಹೆಂಗಸರ ಬಾಯಲ್ಲಿ ಬರುವುದು ಬೆಂಗಳೂರಿನ ಚಿಕ್ಕಪೇಟೆ. ಊರಲ್ಲಿ ರವಿಕೆ ಹೊಲಿಯುವ ನನ್ನನ್ನೂ ಜೊತೆಗೆ ಹೊರಡಿಸುತ್ತಾರೆ. ಸೀರೆ ಅವರದು, ಲೈನಿಂಗು, ಫಾಲ್ಸು, ಹುಕ್ಕು ನನ್ನದು.

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವರು ಆಟೊ ಹತ್ತುವುದು ದಂಡ. ಮೆಟ್ರೊದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಮುಂದಿನ ನಿಲ್ದಾಣವೇ. 2017ರಲ್ಲಿ ಅದು ಬಂದಮೇಲೆ ನಮ್ಮ ಪಾಡು ಎಷ್ಟೋ ಸಲೀಸಾಯಿತು. ಅಲ್ಲಿಂದಾಚೆಗೆ ಕಾಲೇ ಗತಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಿದು. ಎತ್ತಿನ ಗಾಡಿ, ತಲೆಹೊರೆಗೆ ಆಗುವಷ್ಟು ಅಗಲ ಬಿಟ್ಟ ಬೀದಿಗಳು. ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿ ಗುರುತು ಹಾಕಿಸಿದರೆಂದು ಪ್ರತೀತಿ. ತೆಂಕು-ಬಡಗಿಗೆ ದೊಡ್ಡಪೇಟೆ, ಮೂಡು-ಪಡುವಕ್ಕೆ ಚಿಕ್ಕಪೇಟೆ. ಎರಡೂ ಕೂಡುವ ಚೌಕ ತಿಳಿದುಕೊಂಡರೆ ದಾರಿ ತಪ್ಪಿದರೂ ಭಯವಿಲ್ಲ. ದೊಡ್ಡಪೇಟೆಯನ್ನು ಮಾತ್ರ ಅವೆನ್ಯೂ ರಸ್ತೆ ಎಂದೇ ಕೇಳಬೇಕು.

ಬೀದಿಗೊಂದು ಕಸುಬು ಎಂಬ ಹಳೇ ಲೆಕ್ಕ ಈಗ ಅರ್ಧ ಉಳಿದಿದೆ. ಬಳೇಪೇಟೆಯಲ್ಲಿ ಬಳೆಯ ಜೊತೆಗೆ ತಬಲ, ಹಾರ್ಮೋನಿಯಂ ಸಿಗುತ್ತವೆ. ಅಕ್ಕಿಪೇಟೆಗೆ ಅಕ್ಕಿ ಹುಡುಕಿಕೊಂಡು ಹೋದರೆ ಔಷಧದ ಸಗಟು ಅಂಗಡಿಗಳು ಎದುರಾಗುತ್ತವೆ.

ಸೀರೆಯ ಒಳ್ಳೊಳ್ಳೆಯ ಅಂಗಡಿಗಳು ರಸ್ತೆಗೆ ಮುಖ ಕೊಟ್ಟಿರಲೇಬೇಕೆಂದಿಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಸಂದಿ, ಕಡಿದಾದ ಮೆಟ್ಟಿಲು, ಮೇಲೆ ಬಿಳಿ ಹಾಸಿನ ಗಾದಿ. ಚಪ್ಪಲಿ ಬಿಟ್ಟು ಕೂತೊಡನೆ ಮೊದಲ ಪ್ರಶ್ನೆ: ‘ಹೋಲ್‌ಸೇಲಾ, ರೀಟೇಲಾ?’ ಮದುವೆಯ ಉಡುಗೊರೆ ಸೀರೆಗಳನ್ನು ಒಟ್ಟಿಗೆ ತೆಗೆಯುವುದಿದ್ದರೆ ಆಗಲೇ ಹೇಳಿಬಿಡಬೇಕು, ದರವೇ ಬೇರೆ. ಆಮೇಲೆ ಸೀರೆಗಳು ಮೊಣಕಾಲೆತ್ತರ ಹರಡಿಕೊಳ್ಳುತ್ತವೆ. ಬೇಡವೆಂದರೂ ಮುಖ ಗಂಟಿಕ್ಕದ ವ್ಯಾಪಾರಿಗಳನ್ನು ಕಂಡರೆ ನನಗೆ ಗೌರವ.

ಒಮ್ಮೆ ಆ ರಾಶಿಯಲ್ಲಿ ಮೊಳಕಾಲ್ಮೂರು ರೇಷ್ಮೆ ಬಂತು. ನಮ್ಮದೇ ಜಿಲ್ಲೆಯ ಮಗ್ಗದ ಮಾಲು! ನಾನು ಅಂಚನ್ನು ಮಗುಚಿ ಹಿಂಬದಿ ನೋಡಿದೆ. ಬಿಡಿ ಎಳೆಗಳು ಜೋತಾಡುತ್ತಿವೆಯೇ, ಜರಿ ಕಪ್ಪಾಗಿದೆಯೇ, ಸೆರಗು ಮೈಗೆ ಸೇರುವ ಕಡೆ ಬಟ್ಟೆ ಸುಕ್ಕುಗಟ್ಟಿದೆಯೇ. ಸೀರೆಯ ನಿಜ ತಿಳಿಯುವುದು ಹಿಂಬದಿಯಲ್ಲೇ. ಅಂಗಡಿಯವರು ‘ಅಮ್ಮ ಕಸುಬಿನವರು’ ಎಂದು ನಕ್ಕು, ಕೇಳುವ ಮೊದಲೇ ಒಂದಿಷ್ಟು ಇಳಿಸಿದರು.

ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚಿನ ಮುಂದೆ ಚಿತ್ರದುರ್ಗ ಸೀಮೆಯವರು ಒಂದು ಕ್ಷಣ ನಿಲ್ಲಬಹುದು. ಪಾದ್ರಿ ಬೆಂಜಮಿನ್ ರೈಸ್ ಹೆಸರಿನ ಚರ್ಚದು. ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದ ಬಿ.ಎಲ್. ರೈಸ್ ಈ ಪಾದ್ರಿಯ ಮಗ. ಜೊತೆಯ ಹೆಂಗಸರಿಗೆ ಇದನ್ನು ಹೇಳಿದರೆ, ‘ಸರಿ, ಫಾಲ್ಸ್ ಅಂಗಡಿ ಎಲ್ಲಿ?’ ಎಂದರು.

ಹೋಗುವವರು ಹನ್ನೊಂದಕ್ಕೆ ಮುಂಚೆ ತಲುಪಿ. ಮಧ್ಯಾಹ್ನದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ‘ಸೈಡ್, ಸೈಡ್’ ಎಂದು ಕೂಗುತ್ತ ಮೂಟೆ ಹೊತ್ತು ಬರುವ ಹಮಾಲರಿಗೆ ಮೊದಲು ದಾರಿ ಬಿಡಿ. ಭಾರದ ಸಾಮಾನನ್ನು ಕೊನೆಗೆ ಕೊಳ್ಳಿ, ರವಿಕೆ ಬಟ್ಟೆಯ ಚೂರನ್ನು ಜೊತೆಗೆ ಒಯ್ಯಿರಿ. ದಾರದ ಬಣ್ಣವನ್ನು ಫೋನಿನ ಫೋಟೊ ನೋಡಿ ಆರಿಸಬೇಡಿ.