ಮಾಡ್ ಹಾಕಿದರೂ ಆಟಕ್ಕೆ ಕಾಣದೇಕೆ?

ಯುರೋಪಾ ಯೂನಿವರ್ಸಾಲಿಸ್ 4 ಆಟಕ್ಕೆ ಮಾಡ್ ಡೌನ್‌ಲೋಡ್ ಮಾಡಿ ಫೋಲ್ಡರಿಗೆ ಹಾಕಿದೆ. ಆದರೂ ಆಟದಲ್ಲಿ ಕಾಣುತ್ತಿಲ್ಲ. ಏಕೆ? – ಓದುಗರೊಬ್ಬರು, ತುರುವೇಕೆರೆ

1444ರಲ್ಲಿ ಶುರುವಾಗುವ ಈ ಆಟದಲ್ಲಿ ವಿಜಯನಗರವನ್ನೇ ಆಳಬಹುದು. ಆಟದ ಮೂಲ ಫೈಲುಗಳನ್ನು ಮುಟ್ಟದೆ, ಅವುಗಳ ಬದಲಿಗೆ ಆಟ ಓದಿಕೊಳ್ಳುವ ಫೈಲುಗಳೇ ಮಾಡ್. ಡಾಕ್ಯುಮೆಂಟ್ಸ್‌ನಲ್ಲಿ ಪ್ಯಾರಡಾಕ್ಸ್ ಇಂಟರಾಕ್ಟಿವ್, ಅದರೊಳಗೆ ಆಟದ ಹೆಸರು, ಅದರೊಳಗಿನ 'ಮಾಡ್' ಫೋಲ್ಡರೇ ಇವುಗಳ ಜಾಗ. ಆಟ ಇನ್‌ಸ್ಟಾಲ್ ಆಗಿರುವ ಕಡೆಯಲ್ಲ!

ಅಲ್ಲಿ ನಿಮ್ಮ ಫೋಲ್ಡರಿನ ಪಕ್ಕದಲ್ಲೇ '.ಮಾಡ್' ಎಂದು ಕೊನೆಗೊಳ್ಳುವ ಪುಟ್ಟ ಫೈಲೊಂದು ಇರಬೇಕು. ಮಾರುಕಟ್ಟೆಯಲ್ಲಿ ಲಾಟ್ ಚೀಟಿ ಇಲ್ಲದ ಕೊಬ್ಬರಿ ಮೂಟೆ ಕಣ್ಣೆದುರೇ ಇದ್ದರೂ ಹರಾಜಿಗೆ ಬಾರದಲ್ಲ, ಹಾಗೆಯೇ ಈ ಫೈಲ್ ಇಲ್ಲದ ಮಾಡ್ ಆಟಕ್ಕೆ ಕಾಣದು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. 'ಪಾತ್' ಎಂಬ ಸಾಲಿನಲ್ಲಿರುವ ವಿಳಾಸವೂ ಫೋಲ್ಡರ್ ನಿಜವಾಗಿ ಇರುವ ಜಾಗವೂ ಒಂದೇ ಆಗಿರಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ: ಜಿಪ್ ಬಿಚ್ಚಿದಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಕೂತಿರುತ್ತದೆ. ಒಳಗಿನದನ್ನು ಹೊರಗೆಳೆಯಿರಿ.

ಆಮೇಲೆ ಮಾಡನ್ನು ಲಾಂಚರಿನ ಪ್ಲೇಸೆಟ್‌ಗೆ, ಅಂದರೆ ಆಟದೊಂದಿಗೆ ಲೋಡ್ ಆಗಬೇಕಾದ ಮಾಡ್‌ಗಳ ಪಟ್ಟಿಗೆ, ಸೇರಿಸಿ. ಎರಡು ಮಾಡ್‌ಗಳು ಒಂದೇ ಫೈಲನ್ನು ಬದಲಿಸಿದರೆ, ಕೊನೆಗೆ ಲೋಡ್ ಆಗುವುದರ ಮಾತೇ ನಡೆಯುತ್ತದೆ. ಆಟದ ನಡುವೆ ಮಾತ್ರ ಮಾಡ್ ತೆಗೆಯಬೇಡಿ, ಹಳೆಯ ಸೇವ್ ಕೆಡಬಹುದು.