ಅರ್ಕಾವೊತ್ತು ಎಲ್ಲಿ ಕಳೆಯಿತು?

ಪುಣೆ ಬಳಿಯ ಚಾಕಣ ವಾಹನ ಕಾರ್ಖಾನೆಗಳ ಊರು. ಅಲ್ಲಿನ ಉತ್ಪಾದನೆಯ ನಕ್ಷೆಯನ್ನು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ‘ಕಾರ್ಖಾನೆ’ ಎಂದು ಹಾಕಿದರೆ ಏನಾಗುತ್ತದೆ? ಜಾನ್ ಹಂಟರ್ 2003ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶದ ಬಹುತೇಕ ಆವೃತ್ತಿಗಳಲ್ಲಿ ಗೆರೆ, ಕಂಬ ಎಲ್ಲವೂ ಸರಿಯಾಗಿರುತ್ತವೆ, ಅಕ್ಷರ ಮಾತ್ರ ಒಡೆಯುತ್ತದೆ. ಕಂಪ್ಯೂಟರ್ ಈ ಪದವನ್ನು ಎಂಟು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ‘ರ’ ಮೊದಲು, ‘ಖ’ ಆಮೇಲೆ. ಬರವಣಿಗೆಯಲ್ಲಿ ಅದೇ ‘ರ’ ಅರ್ಕಾವೊತ್ತಾಗಿ ‘ಖಾ’ದ ಬಲಕ್ಕೆ ಹೋಗಿ ಕೂರಬೇಕು. ಆ ಜಾಗ ಬದಲಿಸುವ ಕೆಲಸವೇ ನಡೆದಿರುವುದಿಲ್ಲ.

ಮೊದಲು ಬೈಗುಳ ತಿನ್ನುವುದು ಫಾಂಟ್, ಪಾಪ. ಅದು ನಿರಪರಾಧಿ ಎಂದು ತೋರಿಸುವುದು ಸುಲಭ: ಫಾಂಟ್ ಅದೇ ಇರಲಿ, ಚಿತ್ರ ಬಿಡಿಸುವ ಹಿಂಬದಿ ಯಂತ್ರವನ್ನಷ್ಟೇ ಬದಲಿಸಿ. ಪಿಎನ್‌ಜಿ ಬರೆಯುವ ‘ಆ್ಯಗ್’ನಲ್ಲಿ ಪದ ಒಡೆಯುತ್ತದೆ. ಎಸ್‌ವಿಜಿಯಲ್ಲಿ ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟರೆ ಬ್ರೌಸರ್ ಅದನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ಎಸ್‌ವಿಜಿಯ ಮಾಮೂಲು ಸೆಟ್ಟಿಂಗ್ ಅಕ್ಷರವನ್ನು ಗೆರೆಯಾಗಿಸುವುದರಿಂದ ಅಲ್ಲೂ ಪದ ಒಡೆದೇ ಬರುತ್ತದೆ. ಅಂದರೆ ದೋಷ ಕಡತದ ಬಗೆಯದಲ್ಲ, ಒತ್ತಕ್ಷರ ಜೋಡಿಸುವ ಹಂತದ್ದು. ರಾಕ್ಮ್ ಎಂಬ ಜೋಡಣೆಯ ಸಲಕರಣೆ ಬಳಸುವ ಇನ್ನೊಂದು ಹಿಂಬದಿ ಯಂತ್ರ ‘ಎಂಪಿಎಲ್‌ಕೈರೊ’ದಲ್ಲಿ ಪದ ನೆಟ್ಟಗಾಗುವುದೂ ಇದಕ್ಕೆ ಸಾಕ್ಷಿ.

ಇಂಗ್ಲಿಷಿನಲ್ಲೇ ಹೆಸರು ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ನಕ್ಷೆ ಮುಗಿಯುತ್ತದೆ, ದೋಷ ಉಳಿಯುತ್ತದೆ. ಅದೇ ‘ಆ್ಯಗ್’ ಯಂತ್ರದಲ್ಲಿ ಚಾಕಣದ ಮರಾಠಿಯೂ ಒಡೆಯುತ್ತದೆ.