ಬೋರಿಬಂದರಿನ ಗಡಿಯಾರ ಮತ್ತು ಮುಂಬಯಿ ಕಾಲ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಕಟ್ಟಡದ ಮುಂಭಾಗದಲ್ಲಿ, ನಡುಗುಮ್ಮಟದ ಕೆಳಗೆ, ದೊಡ್ಡದೊಂದು ಗಡಿಯಾರವಿದೆ. ವಾಸ್ತುಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ರೂಪಿಸಿದ ಈ ನಿಲ್ದಾಣದ ನಿರ್ಮಾಣವು 1878ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷ ನಡೆಯಿತು. ಗಡಿಯಾರದ ಕೆಳಗೆ ಹಿಂದೆ ವಿಕ್ಟೋರಿಯಾ ರಾಣಿಯ ಪ್ರತಿಮೆಯಿತ್ತು. ಗುಮ್ಮಟದ ತುದಿಯಲ್ಲಿ ಪಂಜನ್ನು ಎತ್ತಿ ಹಿಡಿದ 'ಪ್ರಗತಿ'ಯ ಶಿಲ್ಪ ಇಂದಿಗೂ ಇದೆ. 2004ರಲ್ಲಿ ಯುನೆಸ್ಕೋ ಈ ಕಟ್ಟಡವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಗಡಿಯಾರ ನೆಲೆಗೊಂಡ ಕಾಲದಲ್ಲಿ 'ಈಗ ಗಂಟೆ ಎಷ್ಟು?' ಎಂಬ ಪ್ರಶ್ನೆಗೆ ಮುಂಬಯಿಯಲ್ಲಿ ಒಂದೇ ಉತ್ತರವಿರಲಿಲ್ಲ ಎಂಬುದು ಇಂದಿನ ಪ್ರಯಾಣಿಕರಿಗೆ ವಿಚಿತ್ರವೆನಿಸಬಹುದು. ಭೂಮಿಯು ಒಂದು ರೇಖಾಂಶದಷ್ಟು ತಿರುಗಲು 4 ನಿಮಿಷ ಬೇಕು. ಆದುದರಿಂದ ಸೂರ್ಯನನ್ನು ಅನುಸರಿಸುವ ಸ್ಥಳೀಯ ಕಾಲವು ಊರಿಂದ ಊರಿಗೆ ಬೇರೆಯಾಗುತ್ತದೆ. ಎತ್ತಿನ ಗಾಡಿಯ ಪಯಣಕ್ಕೆ ಇದರಿಂದ ಯಾವ ತೊಡಕೂ ಇರಲಿಲ್ಲ, ರೈಲಿಗೆ ಇತ್ತು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಒಂದೇ ಹಳಿಯ ಮೇಲೆ ಎರಡು ದಿಕ್ಕಿನ ಗಾಡಿಗಳನ್ನು ಬೇರೆ ಬೇರೆ ಕಾಲದಂತೆ ನಡೆಸುವುದು ಅಪಾಯಕರ. ಆದಕಾರಣ ರೈಲ್ವೆಗಳು, ಮುಂಬಯಿ ಮತ್ತು ಕಲ್ಕತ್ತೆಗಳ ನಡುವಣ ಕಾಲವಾದ ಮದರಾಸು ವೀಕ್ಷಣಾಲಯದ ಕಾಲವನ್ನು ಸ್ವೀಕರಿಸಿದವು. ಅದು ಮುಂಬಯಿ ಕಾಲಕ್ಕಿಂತ ಸುಮಾರು 30 ನಿಮಿಷ ಮುಂದಿತ್ತು. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಇದನ್ನೇ ನಗರಕ್ಕೂ ವಿಧಿಸಲು ಯತ್ನಿಸಿದಾಗ ನಾಗರಿಕರು ಒಪ್ಪಲಿಲ್ಲ.

1905ರ ಜುಲೈ 1ರಿಂದ ರೈಲ್ವೆ ಹಾಗೂ ತಂತಿ ಇಲಾಖೆಗಳಲ್ಲಿ, 1906ರ ಜನವರಿ 1ರಿಂದ ಸಾರ್ವತ್ರಿಕವಾಗಿ, ಭಾರತೀಯ ಪ್ರಮಾಣ ಕಾಲ ಜಾರಿಗೆ ಬಂದಿತು. ಇದು ಮುಂಬಯಿ ಕಾಲಕ್ಕಿಂತ 39 ನಿಮಿಷ ಮುಂದು. ನಗರದಲ್ಲಿ ಮತ್ತೆ ವಿರೋಧವೆದ್ದಿತು. ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ಕತ್ತಲಿರುವಾಗಲೇ ಮನೆ ಬಿಡಬೇಕಾದವರ ಈ ಅಸಮಾಧಾನವನ್ನು ಬರಿಯ ಹಟವೆನ್ನಲಾಗದು. ನಗರಪಾಲಿಕೆಯು ಹಳೆಯ ಕಾಲವನ್ನೇ ಉಳಿಸಿಕೊಂಡಿತು.

ಪರಿಣಾಮವಾಗಿ ನಿಲ್ದಾಣದ ವ್ಯವಹಾರ ಒಂದು ಕಾಲಕ್ಕೆ, ಹೊರಗಿನ ಬೀದಿ ಇನ್ನೊಂದು ಕಾಲಕ್ಕೆ ನಡೆಯತೊಡಗಿತು. ವೇಳಾಪಟ್ಟಿಯಲ್ಲಿ 10 ಗಂಟೆಗೆ ಹೊರಡುವ ಗಾಡಿಯು ಮುಂಬಯಿ ಕಾಲದಂತೆ 9 ಗಂಟೆ 21 ನಿಮಿಷಕ್ಕೇ ಹೊರಡುತ್ತಿತ್ತು. ಮನೆಯ ಗಡಿಯಾರವನ್ನು ನಂಬಿ ಒಂಬತ್ತೂವರೆಗೆ, ಅರ್ಧ ಗಂಟೆ ಮೊದಲೇ ಬಂದೆನೆಂಬ ನೆಮ್ಮದಿಯಿಂದ ಒಳಹೊಕ್ಕವನಿಗೆ ಕಾಣುವುದು ಬರಿದಾದ ಪ್ಲಾಟ್‌ಫಾರ್ಮು. ಹೊತ್ತು ಹೇಳುವವರು 'ಮುಂಬಯಿ ಕಾಲವೋ, ಸ್ಟ್ಯಾಂಡರ್ಡೋ' ಎಂಬುದನ್ನೂ ಹೇಳಬೇಕಾಗಿತ್ತು.

ಕಲ್ಕತ್ತೆಯು ತನ್ನ ಪ್ರತ್ಯೇಕ ಕಾಲವನ್ನು 1948ರಲ್ಲಿ ಕೈಬಿಟ್ಟಿತು. ಮುಂಬಯಿ ಕಾಲವು 1955ರವರೆಗೂ ಬಳಕೆಯಲ್ಲಿತ್ತು. ಇಂದು ನಿಲ್ದಾಣದ ಗಡಿಯಾರಕ್ಕೂ ಬೀದಿಯ ಗಡಿಯಾರಕ್ಕೂ ಅಂತರವಿಲ್ಲ. ಆದರೆ ಮುಂಬಯಿಯಲ್ಲಿ ಸೂರ್ಯನು ನೆತ್ತಿಗೇರುವುದು ಮಾತ್ರ, ವರ್ಷದ ಸರಾಸರಿಯಲ್ಲಿ, ಈಗಲೂ 12 ಗಂಟೆ 39 ನಿಮಿಷಕ್ಕೆ.